ಮಹಾಲೆಯ ಆ ಒಂದು ಗಂಟೆ: ಕಾಡಿನ ಚಿಂಪಾಂಜಿ ನೋಡಲು ಹೊರಡುವವರಿಗೆ

ಟಾಂಜಾನಿಯಾದ ಪಶ್ಚಿಮದ ಅಂಚಿನಲ್ಲಿ, ಟಾಂಗನ್ಯಿಕಾ ಸರೋವರದ ದಡಕ್ಕೆ ಹೊಂದಿಕೊಂಡಂತೆ ಮಹಾಲೆ ಪರ್ವತ ರಾಷ್ಟ್ರೀಯ ಉದ್ಯಾನವಿದೆ. 1985ರಲ್ಲಿ ಉದ್ಯಾನವೆಂದು ಘೋಷಣೆಯಾದ, ಸುಮಾರು 1,600 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿನೊಳಗೆ ವಾಹನ ಓಡುವ ರಸ್ತೆಗಳಿಲ್ಲ. ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಜೀಪಿನಲ್ಲಿ ಕುಳಿತು ಪ್ರಾಣಿ ನೋಡಿ ರೂಢಿಯಾದ ನಮ್ಮವರು ಇಲ್ಲಿಗೂ ಅದೇ ಅಂದಾಜಿನಲ್ಲಿ ಬಂದು ಪೇಚಾಡುತ್ತಾರೆ. ಲಕ್ಷಗಟ್ಟಲೆ ಹಣ ಸುರಿದು, ಮೂರು ನಾಲ್ಕು ವಿಮಾನ ಬದಲಿಸಿ, ದೋಣಿಯಲ್ಲಿ ಬಂದು, ಬೆಟ್ಟ ಹತ್ತಿ, ಕೊನೆಗೆ ಚಿಂಪಾಂಜಿಗಳ ಎದುರು ಸಿಕ್ಕುವ ಒಂದೇ ಒಂದು ಗಂಟೆಯನ್ನು ಕನ್ನಡಕ ಒರೆಸುವುದರಲ್ಲಿ ಕಳೆದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಈ ಲೇಖನದಲ್ಲಿ ಪ್ರಯಾಣದ ಸಂಗತಿಗಳನ್ನು ಬೇಗ ಮುಗಿಸಿ, ಹೆಚ್ಚಿನ ಜಾಗವನ್ನು ಆ ಗಂಟೆಗೆ ಕೊಟ್ಟಿದ್ದೇನೆ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಒಣ ತಿಂಗಳುಗಳಲ್ಲಿ ಚಿಂಪಾಂಜಿಗಳು ಬೆಟ್ಟದ ಕೆಳಭಾಗಕ್ಕೆ, ಸರೋವರದ ಹತ್ತಿರಕ್ಕೆ ಇಳಿದಿರುತ್ತವೆ. ನವೆಂಬರ್‌ನಲ್ಲಿ ಮಳೆ ಹಿಡಿದರೆ ಏಪ್ರಿಲ್‌ವರೆಗೂ ಹಾದಿ ಜಾರುತ್ತದೆ, ಗುಂಪು ಮೇಲಕ್ಕೆ ಸರಿಯುತ್ತದೆ, ಕೆಲವು ವಸತಿಗೃಹಗಳು ಬಾಗಿಲನ್ನೇ ಹಾಕುತ್ತವೆ. ಮಳೆಗಾಲದ ರಿಯಾಯಿತಿ ದರ ನೋಡಿ ಮರುಳಾಗಬೇಡಿ.

ಕಾಗದಪತ್ರ, ಚುಚ್ಚುಮದ್ದು

ವೀಸಾವನ್ನು ಮನೆಯಲ್ಲಿ ಕುಳಿತೇ ಆನ್‌ಲೈನ್‌ನಲ್ಲಿ ಪಡೆಯಬಹುದು. ಸರ್ಕಾರದ ಅಧಿಕೃತ ತಾಣವನ್ನೇ ಬಳಸಿ, ನಡುವಿನ ದಲ್ಲಾಳಿ ತಾಣಗಳಿಗೆ ದುಪ್ಪಟ್ಟು ಶುಲ್ಕ ಕಟ್ಟಬೇಡಿ.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಬೆಂಗಳೂರಿನಿಂದ ಹೊರಡುವವರು ಸಾಮಾನ್ಯವಾಗಿ ಆಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸುತ್ತಾರೆ. ಇಥಿಯೋಪಿಯಾ, ಕೀನ್ಯಾ ಎರಡೂ ಹಳದಿ ಜ್ವರದ ಅಪಾಯವಿರುವ ದೇಶಗಳು. ಆ ಮಾರ್ಗದಲ್ಲಿ ಮರಳಿದವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಮಾನ್ಯ ಮಾಡಿರುವ ಕೇಂದ್ರದಲ್ಲೇ ಲಸಿಕೆ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರ ಊರ್ಜಿತವಾಗುವುದು ಹತ್ತು ದಿನಗಳ ನಂತರ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು. ಮಲೇರಿಯಾ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಶುರುಮಾಡಿ.

ತಲುಪುವ ದಾರಿ

ದಾರಿ ಎರಡು. ಅರೂಷಾದಿಂದ ವಾರಕ್ಕೆ ಎರಡು ಸಲ ಹಾರುವ ಪುಟ್ಟ ವಿಮಾನ ಉದ್ಯಾನದ ಉತ್ತರದ ಏರ್‌ಸ್ಟ್ರಿಪ್‌ನಲ್ಲಿ ಇಳಿಸುತ್ತದೆ. ಅಲ್ಲಿಂದ ಸರೋವರದ ಮೇಲೆ ಸುಮಾರು ಒಂದೂವರೆ ಗಂಟೆಯ ದೋಣಿ ಪ್ರಯಾಣ. ಇದು ದುಬಾರಿ, ಆದರೆ ಹೇಳಿದ ದಿನಕ್ಕೆ ತಲುಪಿಸುತ್ತದೆ. ಒಬ್ಬರಿಗೆ ಹದಿನೈದು ಕಿಲೋ ಮಿತಿ, ಅದೂ ಮೆತ್ತನೆಯ ಚೀಲದಲ್ಲಿ. ಚಕ್ರದ ಗಟ್ಟಿ ಸೂಟ್‌ಕೇಸ್ ಆ ವಿಮಾನದ ಹೊಟ್ಟೆಗೆ ಹಿಡಿಸುವುದಿಲ್ಲ. ಟಾಂಜಾನಿಯಾದಲ್ಲಿ 2019ರ ಜೂನ್‌ನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿರುವುದರಿಂದ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿಗಳನ್ನು ಅಂಗಡಿಯ ಕವರಿನಲ್ಲಿ ಸುತ್ತಿಕೊಂಡು ಹೋಗದೆ ಡಬ್ಬಿಗೆ ತುಂಬಿಕೊಳ್ಳಿ.

ಎರಡನೆಯದು ಕಿಗೋಮಾ ಪಟ್ಟಣದಿಂದ ಸರೋವರದ ಮೇಲೆ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ಬರುವ ದಾರಿ. ಸಮಯವಿರುವವರಿಗೆ ಇದು ಸೊಗಸು. ಈ ನೀರಿನಲ್ಲಿ ಲಿಯೆಂಬಾ ಎಂಬ ಹಡಗಿನ ಹೆಸರು ಎಲ್ಲರ ಬಾಯಲ್ಲೂ ಇದೆ. 1913ರಲ್ಲಿ ಜರ್ಮನಿಯಲ್ಲಿ ಕಟ್ಟಿ, ಬಿಚ್ಚಿ, ತುಂಡುತುಂಡಾಗಿ ಸಾಗಿಸಿ ಕಿಗೋಮಾದಲ್ಲಿ ಮತ್ತೆ ಜೋಡಿಸಿದ ಹಡಗು ಅದು. ಮೊದಲ ಮಹಾಯುದ್ಧದಲ್ಲಿ ಜರ್ಮನರೇ 1916ರಲ್ಲಿ ಅದನ್ನು ಮುಳುಗಿಸಿದರು, 1924ರಲ್ಲಿ ಬ್ರಿಟಿಷರು ಮೇಲೆತ್ತಿದರು. ಕಥೆ ರೋಚಕವೇ ಹೌದು, ಆದರೆ ದುರಸ್ತಿಗೆಂದು ದೀರ್ಘಕಾಲ ನಿಲ್ಲುವ ಹಡಗನ್ನು ನಂಬಿ ರಜೆ ಹಾಕಬಾರದು. ಬಾಡಿಗೆ ದೋಣಿ ಗೊತ್ತುಮಾಡಿ, ನಸುಕಿನಲ್ಲೇ ಹೊರಡಿ. ಮಧ್ಯಾಹ್ನದ ಗಾಳಿಗೆ ಈ ಸರೋವರ ಸಮುದ್ರದಂತೆ ಏಳುತ್ತದೆ. ಲೈಫ್ ಜಾಕೆಟ್ ತೋರಿಸದ ದೋಣಿಯವನಿಗೆ ಮುಂಗಡ ಕೊಡಬೇಡಿ.

ಕಡಿಮೆ ಖರ್ಚಿನಲ್ಲಿ ಉಳಿಯುವವರಿಗೆ ಕಸಿಹಾದಲ್ಲಿ ಉದ್ಯಾನದವರದೇ ಕುಟೀರಗಳಿವೆ. ಅಕ್ಕಿ, ಬೇಳೆ, ತರಕಾರಿ ಕಿಗೋಮಾದಿಂದಲೇ ಒಯ್ಯಬೇಕು. ಎಲ್ಲಿ ಉಳಿದರೂ ಮೂರು ರಾತ್ರಿಗೆ ಕಡಿಮೆ ಬೇಡ. ಒಂದು ದಿನ ಗುಂಪು ಕೈಗೆ ಸಿಗದಷ್ಟು ಮೇಲಿರಬಹುದು, ಇನ್ನೊಂದು ದಿನ ಮಳೆ ಬರಬಹುದು. ಎರಡೇ ರಾತ್ರಿಯ ಯೋಜನೆ ಮಾರುವ ಏಜೆಂಟರು ಜೂಜನ್ನು ನಿಮ್ಮ ದುಡ್ಡಿನಲ್ಲಿ ಆಡುತ್ತಿರುತ್ತಾರೆ.

ಬಟ್ಟೆ ಮತ್ತು ಚೀಲ

ಹಿಡಿತವಿರುವ, ಈಗಾಗಲೇ ಹಾಕಿ ಪಳಗಿಸಿದ ಬೂಟು. ಉದ್ದ ತೋಳಿನ ಅಂಗಿ. ಕಾಲುಚೀಲದೊಳಗೆ ತುರುಕಿದ ಪ್ಯಾಂಟು. ಸ್ವಾಹಿಲಿಯಲ್ಲಿ ಸಿಯಾಫು ಎನ್ನುವ ದಂಡಿರುವೆಗಳ ಸಾಲನ್ನು ತುಳಿದವರಿಗೆ ಈ ಕೊನೆಯ ಮಾತಿನ ಬೆಲೆ ಗೊತ್ತು. ಕಪ್ಪು ಮತ್ತು ಕಡುನೀಲಿ ಬಟ್ಟೆ ಬೇಡ, ತ್ಸೆತ್ಸೆ ನೊಣಗಳನ್ನು ಅದು ಕರೆಯುತ್ತದೆ. ಪೇಟೆಯಲ್ಲಿ ಸಿಕ್ಕುವ ಸೈನಿಕರ ಮಾದರಿಯ ಬಣ್ಣಬಣ್ಣದ ಜಾಕೆಟ್ಟಿಗೆ ದುಡ್ಡು ಹಾಕುವುದು ಶುದ್ಧ ದಂಡ: ನಿಮ್ಮನ್ನು ಮನುಷ್ಯರೆಂದು ಗುರುತಿಸಲು ಚಿಂಪಾಂಜಿಗೆ ಅದೇನೂ ಅಡ್ಡಿಯಾಗುವುದಿಲ್ಲ.

ಬೆಳಗಿನ ಕಾಯುವಿಕೆ

ಜಾಡು ಹಿಡಿಯುವ ಸ್ಥಳೀಯರು ನಸುಕಿನಲ್ಲೇ ಕಾಡು ಸೇರಿ, ಕೂಗು ಕೇಳಿ, ಉದುರಿದ ಹಣ್ಣು ನೋಡಿ ಗುಂಪಿನ ಜಾಗ ಪತ್ತೆಮಾಡಿ ರೇಡಿಯೋದಲ್ಲಿ ತಿಳಿಸುತ್ತಾರೆ. ಅಲ್ಲಿಯವರೆಗೆ ಹೊಟ್ಟೆತುಂಬ ತಿಂಡಿ ತಿಂದು, ಶೌಚ ಮುಗಿಸಿ, ಬೂಟು ಕಟ್ಟಿಕೊಂಡು ಕುಳಿತಿರಿ. ಕರೆ ಬಂದ ಮೇಲೆ ನಡಿಗೆ ಇಪ್ಪತ್ತು ನಿಮಿಷದ್ದೂ ಆಗಬಹುದು, ನಾಲ್ಕು ಗಂಟೆಯದೂ ಆಗಬಹುದು. ಬೆಟ್ಟ ಕಡಿದಾಗಿದೆ, ಹೊರಡುವುದಕ್ಕೆ ಎರಡು ತಿಂಗಳ ಮುಂಚಿನಿಂದ ದಿನಾ ಮೆಟ್ಟಿಲು ಹತ್ತಿ.

ಆ ಒಂದು ಗಂಟೆ

ಗೈಡ್ ಕೈ ಎತ್ತಿ ನಿಲ್ಲಿಸಿ "ಸೊಕ್ವೆ" ಎಂದು ಪಿಸುಗುಟ್ಟುತ್ತಾನೆ. ಚಿಂಪಾಂಜಿಗೆ ಸ್ವಾಹಿಲಿ ಹೆಸರು ಅದು. ಅಲ್ಲಿಂದ ನಿಯಮಗಳು ಶುರು. ಒಂದು ತಂಡದಲ್ಲಿ ಆರು ಪ್ರವಾಸಿಗರಿಗಿಂತ ಹೆಚ್ಚು ಇಲ್ಲ. ಹನ್ನೆರಡು ವರ್ಷಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲ. ಹತ್ತು ಮೀಟರ್ ಅಂತರ ಕಾಯಬೇಕು. ಎಲ್ಲರೂ ಮಾಸ್ಕ್ ಧರಿಸಬೇಕು. ಗಡಿಯಾರ ನೋಡಿ ಒಂದೇ ಗಂಟೆ.

ಹೆಚ್ಚಿನವರು ಎಡವುವುದು ಮಾಸ್ಕಿನಲ್ಲಿ. ಬೆಟ್ಟ ಹತ್ತಿ ಏದುಸಿರು ಬಿಡುತ್ತಿರುವಾಗ ಮಾಸ್ಕ್ ಏರಿಸಿದರೆ ಬಿಸಿಯುಸಿರೆಲ್ಲ ಮೂಗಿನ ಪಕ್ಕದಿಂದ ಮೇಲೆ ನುಗ್ಗಿ ಕನ್ನಡಕವನ್ನೂ ಕ್ಯಾಮೆರಾದ ಕಿಂಡಿಯನ್ನೂ ಮಂಜಾಗಿಸುತ್ತದೆ. ಆಗ ಜನ ಮಾಸ್ಕನ್ನು ಮೂಗಿನ ಕೆಳಕ್ಕೆ ಎಳೆಯುತ್ತಾರೆ, ಗೈಡ್ ಗದರುತ್ತಾನೆ, ಮತ್ತೆ ಏರಿಸುತ್ತಾರೆ, ಮತ್ತೆ ಒರೆಸುತ್ತಾರೆ. ಅಷ್ಟರಲ್ಲಿ ತಾಯಿಯ ಬೆನ್ನ ಮೇಲೆ ಮರಿ ದಾಟಿಹೋಗಿರುತ್ತದೆ. ಮಂಜು ಕಟ್ಟದಂತೆ ಮಾಡುತ್ತದೆಂದು ಮಾರುವ ಸ್ಪ್ರೇಗಳಲ್ಲಿ ಎರಡನ್ನು ಕೊಂಡು ನೋಡಿದ್ದೇನೆ, ಎರಡೂ ಹತ್ತು ನಿಮಿಷ ಬಾಳಲಿಲ್ಲ. ಕೆಲಸಕ್ಕೆ ಬರುವುದು ಔಷಧಿ ಅಂಗಡಿಯ ಕಾಗದದ ಟೇಪು: ಮಾಸ್ಕಿನೊಳಗಿನ ತಂತಿಯನ್ನು ಮೂಗಿನ ಆಕಾರಕ್ಕೆ ಬಗ್ಗಿಸಿ, ಬೆವರು ಒರೆಸಿ, ಮೇಲಂಚಿನ ಉದ್ದಕ್ಕೂ ಕೆನ್ನೆಯಿಂದ ಕೆನ್ನೆಗೆ ಒಂದು ಪಟ್ಟಿ ಅಂಟಿಸಿ. ಇದನ್ನು ಮನೆಯಲ್ಲೇ, ಮೂರು ಮಹಡಿ ಹತ್ತಿ, ಕನ್ನಡಕ ಹಾಕಿಕೊಂಡು ಅಭ್ಯಾಸ ಮಾಡಿ. ಬಟ್ಟೆಯ ಮಾಸ್ಕ್ ಬೇಡವೇ ಬೇಡ.

ಮಾಸ್ಕ್ ಶಿಷ್ಟಾಚಾರಕ್ಕೆಂದು ಇಟ್ಟದ್ದಲ್ಲ. ನಮ್ಮ ನೆಗಡಿಯ ವೈರಾಣುಗಳು ಚಿಂಪಾಂಜಿಗಳಿಗೆ ಮಾರಕವಾಗಬಲ್ಲವು. 2006ರಲ್ಲಿ ಇದೇ ಮಹಾಲೆಯ ಗುಂಪಿಗೆ ಉಸಿರಾಟದ ಕಾಯಿಲೆ ಹರಡಿ ಸಾವುಗಳಾದಾಗ, ಮನುಷ್ಯರಲ್ಲಿ ಕಾಣುವ ವೈರಾಣುವಿನ ಸಂಬಂಧ ಪತ್ತೆಯಾಯಿತು. ಹಾಗಾಗಿ ನೆಗಡಿ, ಕೆಮ್ಮು ಇದ್ದವರು ಶಿಬಿರದಲ್ಲೇ ಉಳಿಯಬೇಕು. ನಮ್ಮ ತಂಡದಲ್ಲಿದ್ದ ಒಬ್ಬರು ಕೆಮ್ಮಿನ ಸಿರಪ್ ಕುಡಿದು ಸುಮ್ಮನೆ ಬಂದಿದ್ದರು. ಎರಡನೆಯ ಕೆಮ್ಮಿಗೆ ಗೈಡ್ ಅವರನ್ನು ಒಬ್ಬ ಸಹಾಯಕನ ಜೊತೆ ವಾಪಸು ಕಳಿಸಿದ. ಸರಿಯಾದದ್ದೇ ಮಾಡಿದ. ಅಡಿಕೆ ಹಾಕಿಕೊಳ್ಳುವ ಅಭ್ಯಾಸವಿದ್ದವರು ಅಂದು ಬಿಟ್ಟುಬಿಡಿ; ಕಾಡಿನಲ್ಲಿ ಉಗುಳುವುದು, ತಿಂಡಿ ಬಿಚ್ಚುವುದು, ಸಿಪ್ಪೆ ಎಸೆಯುವುದು ಯಾವುದೂ ನಡೆಯುವುದಿಲ್ಲ.

ಎರಡನೆಯ ತಪ್ಪು ನಿಲ್ಲುವ ಜಾಗದ್ದು. ನಾವು ನಡೆದು ಬಂದ ಹಾದಿಯೇ ಅವುಗಳ ಹಾದಿಯೂ ಹೌದು. ಒಂದು ಗಂಡು ನಿಮ್ಮತ್ತಲೇ ನಡೆದು ಬಂದರೆ ಹಾದಿ ಬಿಟ್ಟು ಪಕ್ಕಕ್ಕೆ ಸರಿದು, ಒಟ್ಟಾಗಿ, ಕುಳಿತೋ ಬಗ್ಗಿಯೋ ಸುಮ್ಮನಿರಿ. ಹತ್ತು ಮೀಟರಿನ ನಿಯಮ ನಮಗೆ ಗೊತ್ತಿದೆ, ಅದಕ್ಕಿಲ್ಲ. ಗಂಡುಗಳ ಆರ್ಭಟದ ಹೊತ್ತಿನಲ್ಲಿ ಇದು ಇನ್ನೂ ಮುಖ್ಯ. ದೂರದಲ್ಲಿ ಹೂ, ಹೂ ಎಂದು ಮೆಲ್ಲಗೆ ಮೊದಲಾದ ಕೂಗು ಏರುತ್ತ ಏರುತ್ತ ಕಿರುಚಾಟವಾಗುತ್ತದೆ, ಮೈಯ ರೋಮವೆಲ್ಲ ನಿಮಿರಿ ಪ್ರಾಣಿ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ, ಕೊಂಬೆ ಎಳೆದುಕೊಂಡು, ಕಲ್ಲು ಉರುಳಿಸಿ, ಮರದ ಬುಡದ ಹಲಗೆಬೇರನ್ನು ಧಬಧಬ ಬಡಿಯುತ್ತ ನುಗ್ಗಿ ಬರುತ್ತದೆ. ಅದು ತನ್ನವರ ಎದುರು ತೋರಿಸುವ ಪ್ರತಾಪ, ನಿಮಗಾಗಿ ಮಾಡಿದ್ದಲ್ಲ. ಓಡಬೇಡಿ, ಕಿರುಚಬೇಡಿ, ಹತ್ತಿರದ ಗಟ್ಟಿ ಮರ ಹಿಡಿದು ನಿಂತುಬಿಡಿ. ಓಡಿದವರು ಇಳಿಜಾರಿನಲ್ಲಿ ಕಾಲು ಉಳುಕಿಸಿಕೊಳ್ಳುತ್ತಾರೆ, ಅಲ್ಲಿಂದ ಆಸ್ಪತ್ರೆ ಬಹಳ ದೂರ.

ಮೂರನೆಯದು ಕ್ಯಾಮೆರಾ. ದಟ್ಟ ಕಾಡಿನ ಮಬ್ಬಿನಲ್ಲಿ ಕಪ್ಪು ಪ್ರಾಣಿ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕರಿ ಮೈಯನ್ನು ಬೂದಿ ಬಣ್ಣ ಮಾಡುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪ್ ಇಳಿಸಿ, ಐಎಸ್‌ಒ 3200ಕ್ಕೆ ಹೆದರದೆ ಏರಿಸಿ, ಫ್ಲಾಶ್ ಆರಿಸಿ, ಫ್ಲಾಶ್ ನಿಷಿದ್ಧ. ಕಬಿನಿಯಲ್ಲಿ ಮೆರೆದ 600 ಮಿಲಿಮೀಟರ್ ಲೆನ್ಸ್ ಇಲ್ಲಿ ಹೆಗಲಿಗೆ ಭಾರ ಅಷ್ಟೇ, 70-200 ಧಾರಾಳ. ನನ್ನ ಕಟ್ಟುನಿಟ್ಟಾದ ಸಲಹೆ: ಮೊದಲ ಹದಿನೈದು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ.

ಏಕೆಂದರೆ ನೋಡುವುದಕ್ಕೆ ಅಷ್ಟಿದೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತೋಶಿಸಾದಾ ನಿಶಿದಾ 1965ರಲ್ಲಿ ಇಲ್ಲಿ ಅಧ್ಯಯನ ಆರಂಭಿಸಿದರು. ಮೊದಲು ಕಬ್ಬು, ಬಾಳೆಹಣ್ಣು ಇಟ್ಟು ಮನುಷ್ಯರ ಭಯ ಬಿಡಿಸಿ, 1987ರಲ್ಲಿ ಆಹಾರ ಕೊಡುವುದನ್ನು ಪೂರ್ತಿ ನಿಲ್ಲಿಸಲಾಯಿತು. ಪ್ರವಾಸಿಗರು ಕಾಣುವುದು ಸುಮಾರು ಅರವತ್ತು ಪ್ರಾಣಿಗಳ 'ಎಂ' ಗುಂಪನ್ನು. ಅವು ಸಣ್ಣ ಸಣ್ಣ ತಂಡಗಳಾಗಿ ಒಡೆದು ಕೂಡುತ್ತಿರುವುದರಿಂದ ಎಲ್ಲವೂ ಒಟ್ಟಿಗೆ ಸಿಗಲಾರವು. ಎರಡು ಪ್ರಾಣಿಗಳು ಎದುರುಬದುರು ಕುಳಿತು ತಲೆಯ ಮೇಲೆ ತಲಾ ಒಂದು ಕೈ ಎತ್ತಿ ಪರಸ್ಪರ ಹಿಡಿದು, ಇನ್ನೊಂದು ಕೈಯಿಂದ ಒಬ್ಬರ ಕಂಕುಳಿನ ರೋಮವನ್ನು ಇನ್ನೊಬ್ಬರು ಹೆಕ್ಕುವುದನ್ನು ಹುಡುಕಿ ನೋಡಿ. ಇದನ್ನು ವಿಜ್ಞಾನಿಗಳು ಮೊದಲು ದಾಖಲಿಸಿದ್ದು ಮಹಾಲೆಯಲ್ಲಿ. ಇದೇ ಸರೋವರದ ದಡದಲ್ಲಿರುವ, ಜೇನ್ ಗುಡಾಲ್ 1960ರಿಂದ ಅಧ್ಯಯನ ಮಾಡಿದ ಗೊಂಬೆ (Gombe) ಎಂಬ ಇನ್ನೊಂದು ರಾಷ್ಟ್ರೀಯ ಉದ್ಯಾನದ ಚಿಂಪಾಂಜಿಗಳಲ್ಲಿ ಈ ರೂಢಿ ಇಲ್ಲ. ಅಲ್ಲಿಯವು ಕಡ್ಡಿ ಹಾಕಿ ಗೆದ್ದಲು ಹಿಡಿಯುವುದಕ್ಕೆ ಪ್ರಸಿದ್ಧ. ಇಲ್ಲಿಯ ಎಂ ಗುಂಪು ಮರದ ಪೊಟರೆಗೆ ಕಡ್ಡಿ ಇಳಿಸಿ ಮರಗೊರಕ ಇರುವೆಗಳನ್ನು ಎತ್ತುತ್ತದೆ. ನಾನು ನೋಡಿದ ಹೆಣ್ಣೊಂದು ಕಡ್ಡಿಯ ಸಿಗುರನ್ನು ಹಲ್ಲಿನಿಂದ ಸವರಿ, ತೂತಿಗೆ ಇಳಿಸಿ, ಬೇರೆಲ್ಲೋ ನೋಡುತ್ತ ಕಾದು, ನಿಧಾನವಾಗಿ ಹೊರಗೆಳೆದು ತುಟಿಯಲ್ಲಿ ಒರೆಸಿಕೊಳ್ಳುತ್ತಿತ್ತು. ಪಕ್ಕದಲ್ಲಿ ಮರಿಯೊಂದು ತಪ್ಪು ಅಳತೆಯ ಕಡ್ಡಿ ಹಿಡಿದು ಹೆಣಗುತ್ತಿತ್ತು.

ಗೈಡ್ ಸಮಯವಾಯಿತೆಂದರೆ ಚೌಕಾಸಿ ಮಾಡದೆ ಹಿಂತಿರುಗಿ. ಮಾಸ್ಕ್ ತೆಗೆಯುವುದು ಅವನು ಹೇಳಿದ ಮೇಲೆ. ತೆಗೆದದ್ದು ನಿಮ್ಮ ಚೀಲಕ್ಕೇ ಹೋಗಬೇಕು.

ಮರಳುವಾಗ

ಸರೋವರದ ನೀರು ಗಾಜಿನಷ್ಟು ತಿಳಿಯಾಗಿದ್ದರೂ ಮೊಸಳೆ, ನೀರಾನೆಗಳಿವೆ. ಶಿಬಿರದವರು ತೋರಿಸಿದ ಜಾಗ ಬಿಟ್ಟು ಇಳಿಯಬೇಡಿ. ಜಾಡು ಹಿಡಿದವರಿಗೂ ಭಕ್ಷೀಸು ಸೇರುವಂತೆ ಗೈಡಿಗೆ ಬೇರೆಯಾಗಿ ಹೇಳಿ ಕೊಡಿ. ಮಲೇರಿಯಾ ಮಾತ್ರೆಯನ್ನು ಊರಿಗೆ ಬಂದೊಡನೆ ನಿಲ್ಲಿಸುವಂತಿಲ್ಲ: ಡಾಕ್ಸಿಸೈಕ್ಲಿನ್ ಆದರೆ ಇನ್ನೂ ನಾಲ್ಕು ವಾರ ನುಂಗಬೇಕು. ಹಳದಿ ಜ್ವರದ ಕಾರ್ಡನ್ನು ಪಾಸ್‌ಪೋರ್ಟಿನ ಒಳಗೇ ಇಟ್ಟುಕೊಳ್ಳಿ. ದೊಡ್ಡ ಚೀಲದಲ್ಲಿ ಹಾಕಿಬಿಟ್ಟರೆ ಆರೋಗ್ಯ ತಪಾಸಣೆಯ ಮೇಜು ಬರುವುದು ಚೀಲ ಸಿಗುವುದಕ್ಕೆ ಮೊದಲು.