ಮೂರು ವರ್ಷ, ಆರು ವಿಂಡೋ: ಸೋಲುತ್ತಿದ್ದ ತಂಡವನ್ನು ಎತ್ತಿದ್ದು ಹೀಗೆ

ಈ ಫುಟ್‌ಬಾಲ್ ತಂಡದ ಕೆಲಸ ವಹಿಸಿಕೊಂಡಾಗ ನಾನು ಮೂರು ವರ್ಷ ಕೇಳಿದ್ದೆ. ಒಂದು ಸೀಸನ್ ಸಾಕಾಗಲ್ವಾ ಎಂದು ಕ್ಲಬ್ ಮಂಡಳಿಯವರು ಕೇಳಿದರು. ಹಳೆಯ ಆಟಗಾರರು, ಟಿವಿಯಲ್ಲಿ ಕೂತು ಮಾತಾಡುವವರು, ಎಲ್ಲರದ್ದೂ ಒಂದೇ ಸಲಹೆ: ಗೋಲು ಹೊಡೆಯೋ ಒಬ್ಬ ಒಳ್ಳೆ ಸ್ಟ್ರೈಕರ್ ತನ್ನಿ, ಮಿಕ್ಕಿದ್ದು ತಾನಾಗೇ ಸರಿಹೋಗುತ್ತೆ. ಆಗ ಲೀಗ್‌ನಲ್ಲಿ ನಾವು ಕೆಳಗಿನಿಂದ ಎರಡನೆಯವರು. ಈಗ ಟೇಬಲ್‌ನ ಮೇಲಿನ ಅರ್ಧದಲ್ಲಿ ಗಟ್ಟಿಯಾಗಿದ್ದೇವೆ, ಸಂಬಳದ ಬಿಲ್ ಆಗಿನದಕ್ಕಿಂತ ಕಡಿಮೆ ಇದೆ. ಹಿಡಿದದ್ದು ಮೂರು ವರ್ಷವೇ. ಅದಕ್ಕೇ ಬರೆಯೋ ಧೈರ್ಯ ಬಂದಿದೆ.

ಆಟ ತಿದ್ದೋಕೆ ಅಷ್ಟು ಕಾಲ ಬೇಡ. ಕಾಲ ತಿನ್ನುವುದು ಹಳೆಯ ಒಪ್ಪಂದಗಳು. ಫಿಫಾ ನಿಯಮದಲ್ಲಿ ಸಾಮಾನ್ಯವಾಗಿ ಐದು ವರ್ಷದವರೆಗೆ ಒಪ್ಪಂದ ಬರೆಯಬಹುದು. ನನಗಿಂತ ಮೊದಲಿದ್ದವರು ಮೂವತ್ತು ದಾಟಿದವರಿಗೂ ನಾಲ್ಕು ವರ್ಷ ಬರೆದುಕೊಟ್ಟಿದ್ದರು. ಆದಾಯದಲ್ಲಿ ಶೇ. 90ರ ಹತ್ತಿರ ಸಂಬಳಕ್ಕೇ ಹೋಗುತ್ತಿತ್ತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ತನ್ನ ಟೂರ್ನಿ ಆಡುವ ಕ್ಲಬ್‌ಗಳಿಗೆ ಈಗ ಇಟ್ಟಿರುವ ಮಿತಿ ಶೇ. 70. ಅದರಲ್ಲಿ ಸಂಬಳದ ಜೊತೆ ಟ್ರಾನ್ಸ್‌ಫರ್ ಖರ್ಚು, ಏಜೆಂಟ್ ಫೀಸು ಎಲ್ಲ ಸೇರಿದೆ. ನಾವು ಎಲ್ಲಿದ್ದೆವು ಅಂತ ನೀವೇ ಅಂದಾಜು ಮಾಡಿ.

ಮಾರಿಬಿಡಿ ಅನ್ನೋದು ಸುಲಭ. 8 ಮಿಲಿಯನ್ ಕೊಟ್ಟು ನಾಲ್ಕು ವರ್ಷಕ್ಕೆ ತಂದ ಆಟಗಾರನ ಬೆಲೆ ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೆ 2ರಂತೆ ಇಳಿಯುತ್ತದೆ. ಎರಡು ವರ್ಷದ ನಂತರ 4 ಉಳಿದಿರುತ್ತದೆ. ಆಗ 3ಕ್ಕೆ ಮಾರಿದರೆ ಪುಸ್ತಕದಲ್ಲಿ 1 ನಷ್ಟ. ಮಂಡಳಿಯವರ ಕಣ್ಣಿಗೆ ಬೀಳುತ್ತಿದ್ದದ್ದು ಆ ಒಂದೇ. ಅವನ ಸಂಬಳ ವರ್ಷಕ್ಕೆ 2 ಇದ್ದರೆ, ಉಳಿದ ಎರಡು ವರ್ಷದ 4 ಮಿಲಿಯನ್ ನಮ್ಮ ಕೈಯಲ್ಲೇ ಉಳಿಯುತ್ತದೆ ಅಲ್ವಾ? ಇದನ್ನು ಒಪ್ಪಿಸೋಕೆ ಮೊದಲ ವಿಂಡೋ (ಆಟಗಾರರನ್ನು ಕೊಳ್ಳೋಕೆ, ಮಾರೋಕೆ ವರ್ಷಕ್ಕೆ ಎರಡು ಸಲ ಸಿಗುವ ಅವಧಿ) ಪೂರ್ತಿ ಹೋಯಿತು. ಆ ವಿಂಡೋದಲ್ಲಿ ನಾನು ಯಾರನ್ನೂ ಕೊಳ್ಳಲಿಲ್ಲ. ಅಭಿಮಾನಿಗಳು ಸಿಟ್ಟಾದರು. ಮಂಡಳಿಯವರು ಮಾತ್ರ ಹಟ ಹಿಡಿದು ಮುಂದಿನ ವಿಂಡೋದಲ್ಲಿ ಒಬ್ಬ ದುಬಾರಿ ಸ್ಟ್ರೈಕರ್ ತಂದರು. ಇಡೀ ಸೀಸನ್‌ಗೆ ಅವನು ಹೊಡೆದದ್ದು ಮೂರೋ ನಾಲ್ಕೋ ಗೋಲು. ಆಮೇಲೆ ಸ್ಟ್ರೈಕರ್ ಮಾತು ಯಾರೂ ಎತ್ತಲಿಲ್ಲ.

ಹೋಗಬೇಕಾದವರು ಹತ್ತು ಹನ್ನೆರಡು ಜನ ಇದ್ದರು. ಕೆಲವರನ್ನು ಅರ್ಧ ಸಂಬಳ ನಾವೇ ಕಟ್ಟಿ ಬೇರೆ ಕ್ಲಬ್‌ಗಳಿಗೆ ಲೋನ್ ಮೇಲೆ, ಅಂದ್ರೆ ತಾತ್ಕಾಲಿಕವಾಗಿ, ಕಳಿಸಿದೆವು. ಇಬ್ಬರಿಗೆ ಒಟ್ಟಿಗೆ ದುಡ್ಡು ಕೊಟ್ಟು ಒಪ್ಪಂದ ಮುಗಿಸಿದೆವು. ಇದನ್ನು ದುಂದು ಎಂದು ಬೈದವರಿಗೆ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ತೋರಿಸಿದೆ. ಅವರು ತಮ್ಮ ಸ್ಟಾರ್ ಆಟಗಾರ ಓಝಿಲ್ ಒಪ್ಪಂದವನ್ನು 2021ರ ಜನವರಿಯಲ್ಲೂ ಔಬಮೆಯಾಂಗ್ ಒಪ್ಪಂದವನ್ನು ಅದರ ಮರುವರ್ಷವೂ ಅವಧಿಗೆ ಮೊದಲೇ ಮುಗಿಸಿದರು. ಅಲ್ಲಿಗೆ ಕೋಚ್ ಆಗಿ ಅರ್ಟೆಟಾ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಲೀಗ್‌ನಲ್ಲಿ ಎಂಟು, ಮತ್ತೆ ಎಂಟು, ಐದು, ಆಮೇಲೆ ಎರಡನೇ ಸ್ಥಾನ. ಎರಡನೇ ಎಂಟಕ್ಕೆ ಅವರನ್ನು ಕಳಿಸಿಬಿಟ್ಟಿದ್ದರೆ ಏನಾಗುತ್ತಿತ್ತು? ಹೋಗಲು ಒಪ್ಪದ ಆಟಗಾರನನ್ನು ಮನಸ್ತಾಪವಿಲ್ಲದೆ ಕಳಿಸೋಕೆ ನನ್ನದೇ ಒಂದು ದಾರಿ ಇದೆ. ಅದನ್ನು ಇಲ್ಲಿ ಬರೆಯಲ್ಲ, ಮುಂದೆಯೂ ಬೇಕಾಗುತ್ತದೆ.

ಇನ್ನು ಮೈದಾನ. ಸೀಸನ್‌ಗೆ ಎಪ್ಪತ್ತರ ಹತ್ತಿರ ಗೋಲು ಬಿಟ್ಟುಕೊಡುತ್ತಿದ್ದೆವು. ವಿಡಿಯೋ ಹಾಕಿ ನೋಡಿದರೆ ಹೆಚ್ಚಿನವು ಒಂದೇ ಥರ. ಎರಡೂ ಫುಲ್‌ಬ್ಯಾಕ್‌ಗಳು (ಎಡ, ಬಲ ಅಂಚು ಕಾಯುವ ಡಿಫೆಂಡರ್‌ಗಳು) ಒಟ್ಟಿಗೆ ಮೇಲೆ ಓಡುತ್ತಿದ್ದರು. ಬಾಲ್ ಹೋದ ಕೂಡಲೇ ಎದುರಾಳಿ ಅವರ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಉದ್ದದ ಪಾಸ್ ಹಾಕುತ್ತಿದ್ದ. ನಡುವಿನ ಡಿಫೆಂಡರ್, ಅಂದ್ರೆ ಸೆಂಟರ್‌ಬ್ಯಾಕ್, ಅತ್ತ ಓಡಿದರೆ ನಡುವೆ ಬಾಗಿಲು ತೆರೆದ ಹಾಗೆ. ಎಡಗಡೆಯವನು ಮೇಲೆ ಹೋದರೆ ಬಲಗಡೆಯವನು ಸೆಂಟರ್‌ಬ್ಯಾಕ್ ಪಕ್ಕಕ್ಕೆ ಸರಿಯಬೇಕು, ಅವರ ಮುಂದೆ ನಿಂತು ಕಾಯುವ ಡಿಫೆನ್ಸಿವ್ ಮಿಡ್‌ಫೀಲ್ಡರ್ ಬಾಲ್‌ನ ಹಿಂದೆಯೇ ಇರಬೇಕು. ಇದನ್ನೇ ದಿನಾ ಮಾಡಿಸಿದೆ, ಆಟಗಾರರಿಗೆ ಬೇಜಾರಾಗುವಷ್ಟು. ಹತ್ತು ಪಂದ್ಯದೊಳಗೆ ಸೋರಿಕೆ ನಿಂತಿತು. ಆ ಸೀಸನ್ ಬಿಟ್ಟ ಗೋಲು ನಲವತ್ತೈದರ ಆಸುಪಾಸಿಗೆ ಇಳಿಯಿತು, ರಿಲಿಗೇಷನ್ (ಕೆಳಗಿನ ಲೀಗ್‌ಗೆ ಇಳಿಯೋದು) ತಪ್ಪಿತು. ಒಬ್ಬ ಹೊಸ ಡಿಫೆಂಡರ್‌ನೂ ಕೊಳ್ಳದೆ ಇಷ್ಟು ಮಾಡಿದವರು ಜಾಸ್ತಿ ಜನ ಇಲ್ಲ, ಹೇಳಿಕೊಳ್ಳೋಕೆ ನನಗೆ ಸಂಕೋಚ ಇಲ್ಲ.

ಎರಡನೇ ವರ್ಷ ನಿಜವಾಗಿ ಕಷ್ಟದ್ದು. ಹೈ ಪ್ರೆಸ್, ಅಂದ್ರೆ ಎದುರಾಳಿಯ ಅರ್ಧದಲ್ಲೇ ಮೇಲೆ ಬಿದ್ದು ಬಾಲ್ ಕಸಿಯೋದು, ಶುರು ಮಾಡಿದೆವು, ಕೈಕೊಟ್ಟಿತು. ಮುಂದಿನವರು ಹೊಸ ಹುಡುಗರು, ಓಡುತ್ತಿದ್ದರು. ಹಿಂದಿನವರು ಹಳಬರು, ಡಿಫೆನ್ಸ್ ಸಾಲನ್ನು ಮುಂದಕ್ಕೆ ತರೋಕೆ ಹೆದರುತ್ತಿದ್ದರು. ನಡುವೆ ಮೂವತ್ತು ಮೀಟರ್ ಖಾಲಿ. ಏಳೆಂಟು ಪಂದ್ಯ ಗೆಲುವೇ ಇಲ್ಲ, ಮನೆ ಮೈದಾನದಲ್ಲೇ ನಮ್ಮ ಅಭಿಮಾನಿಗಳು ನಮ್ಮ ವಿರುದ್ಧ ಕೂಗಿದರು. ಆ ಸೆಂಟರ್‌ಬ್ಯಾಕ್‌ಗಳ ಒಪ್ಪಂದ ಮುಗಿಯುವವರೆಗೆ ಪ್ರೆಸ್ ಬದಿಗಿಟ್ಟು ನಮ್ಮ ಗೋಲಿನ ಹತ್ತಿರವೇ ಕೂತು ಆಡಿದೆವು. ಮೂರನೇ ವರ್ಷ ಅವರ ಜಾಗಕ್ಕೆ ವೇಗದ ಇಬ್ಬರು ಬಂದರು. ಅದೇ ಪ್ರೆಸ್, ಅದೇ ಡ್ರಿಲ್, ಒಂದೇ ತಿಂಗಳಲ್ಲಿ ಕೂತಿತು. ಅವರಲ್ಲಿ ಒಬ್ಬ ಪುಕ್ಕಟೆ ಬಂದ. ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್‌ಗೆ ಸಹಿ ಹಾಕಬಹುದಲ್ಲ, ಅಂಥವರ ಪಟ್ಟಿಯನ್ನು ನಾವು ಒಂದು ವರ್ಷ ಮೊದಲೇ ಮಾಡುತ್ತೇವೆ. ಪಟ್ಟಿಯಲ್ಲಿ ಮೊದಲು ನೋಡುವ ಅಂಕಿ ಯಾವುದು ಅಂತ ಹೇಳಲ್ಲ. ಗೋಲಿನದ್ದಂತೂ ಅಲ್ಲ.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆವು. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ 2018ರಲ್ಲಿ ಥ್ರೋ-ಇನ್‌ಗೇ (ಗೆರೆ ದಾಟಿದ ಬಾಲನ್ನು ಕೈಯಿಂದ ಒಳಗೆ ಎಸೆಯೋದು) ಅಂತ ಒಬ್ಬ ಕೋಚ್‌ನನ್ನು ಕರೆಸಿಕೊಂಡಿತ್ತು. ನಮ್ಮ ಹತ್ತಿರ ಅದಕ್ಕೆ ದುಡ್ಡಿಲ್ಲ, ಅನಲಿಸ್ಟ್ ಹುಡುಗನಿಗೇ ಹೇಳಿದೆ. ನಮ್ಮ ಅರ್ಧದಲ್ಲಿ ಎಸೆದ ಥ್ರೋಗಳಲ್ಲಿ ಅರ್ಧದಷ್ಟು ಸೀದಾ ಎದುರಾಳಿಗೆ ಹೋಗುತ್ತಿದ್ದವು. ಥ್ರೋ-ಇನ್‌ನಿಂದ ನೇರ ಬಂದ ಬಾಲ್‌ಗೆ ಆಫ್‌ಸೈಡ್ (ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ನಿಂತು ಬಾಲ್ ಪಡೆಯಬಾರದೆಂಬ ನಿಯಮ) ಇಲ್ಲ. ಹಾಗಾಗಿ ಒಬ್ಬನನ್ನು ಎದುರಾಳಿಯ ಕೊನೆಯ ಡಿಫೆಂಡರ್‌ನ ಹಿಂದೆ ನಿಲ್ಲಿಸಿದೆವು. ಅವರು ಹಿಂದೆ ಸರಿದರು, ಮುಂದೆ ಜಾಗ ಸಿಕ್ಕಿತು. ಪಾಯಿಂಟ್ ಎಷ್ಟು ಬಂತೋ ಲೆಕ್ಕ ಹಾಕಿಲ್ಲ, ಬಾಲ್ ಕಳೆದುಕೊಳ್ಳೋದು ಮಾತ್ರ ಚೆನ್ನಾಗಿ ಕಡಿಮೆಯಾಯಿತು. ಮೂವರು ಸೆಂಟರ್‌ಬ್ಯಾಕ್ ಇಟ್ಟೂ ನೋಡಿದೆವು. ಗೋಲು ಬಿಡಲಿಲ್ಲ, ಹೊಡೆಯಲೂ ಇಲ್ಲ. ಈಗ ಮುಂದಿದ್ದಾಗ ಕೊನೆಯ ಇಪ್ಪತ್ತು ನಿಮಿಷಕ್ಕೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇವೆ.

ಬೇಗ ಆಗುತ್ತೆ ಅನ್ನುವವರು ಜರ್ಮನಿಯ ಲೆವರ್‌ಕುಸನ್ ಕ್ಲಬ್‌ನ ಹೆಸರು ಹೇಳುತ್ತಾರೆ. ಕೋಚ್ ಆಗಿ ಶಾಬಿ ಅಲೋನ್ಸೊ 2022ರ ಅಕ್ಟೋಬರ್‌ನಲ್ಲಿ ಬಂದಾಗ ತಂಡ ರಿಲಿಗೇಷನ್ ಜಾಗದಲ್ಲಿತ್ತು, 2023-24ರಲ್ಲಿ ಒಂದೂ ಸೋಲದೆ ಅಲ್ಲಿನ ಲೀಗ್ ಬುಂಡೆಸ್‌ಲೀಗಾ ಗೆದ್ದಿತು. ನಿಜ, ದೊಡ್ಡ ಕೆಲಸ. ಆದರೆ ಅದೇ ತಂಡ 2021-22ರಲ್ಲಿ ಮೂರನೇ ಸ್ಥಾನದಲ್ಲಿತ್ತು, ವಿರ್ಟ್ಸ್, ಫ್ರಿಂಪಾಂಗ್‌ರಂಥ ಆಟಗಾರರು ಆಗಲೇ ಅಲ್ಲಿದ್ದರು. ಅಲ್ಲಿ ಒಳ್ಳೆ ತಂಡ ದಾರಿ ತಪ್ಪಿತ್ತು. ನಮ್ಮಲ್ಲಿ ತಂಡವೇ ಇರಲಿಲ್ಲ. ಕೆಲಸ ಒಪ್ಪಿಕೊಳ್ಳುವ ಮುಂಚೆ ಇವೆರಡರಲ್ಲಿ ಯಾವುದು ಅಂತ ನೋಡಿ. ಮೊದಲನೆಯದಾದರೆ ಒಂದೂವರೆ ವರ್ಷ ಕೇಳಿ. ಎರಡನೆಯದಾದರೆ ಮೂರಕ್ಕಿಂತ ಕಡಿಮೆಗೆ ಒಪ್ಪಬೇಡಿ, ಅದನ್ನೂ ಬರವಣಿಗೆಯಲ್ಲಿ ತಗೊಳ್ಳಿ.

ಈಗ ಸಂಬಳ ಆದಾಯದ ಶೇ. 65ರ ಹತ್ತಿರ ಇದೆ. ಮುಂದಿನ ಬೇಸಿಗೆಗೆ ನಾಲ್ವರ ಒಪ್ಪಂದ ಮುಗಿಯುತ್ತದೆ. ಇಬ್ಬರ ಜೊತೆ ಮಾತು ಶುರುವಾಗಿದೆ, ಒಬ್ಬನನ್ನು ಈ ಜನವರಿಯಲ್ಲೇ ಮಾರುತ್ತೇವೆ. ನಾಲ್ಕನೆಯವನು ಕ್ಯಾಪ್ಟನ್, ಮೂವತ್ತೆರಡು ದಾಟಿದ್ದಾನೆ. ಅವನಿಗೆ ಒಂದೇ ವರ್ಷ ಎಂದು ಏಜೆಂಟ್‌ಗೆ ಹೇಳಿದ್ದೇನೆ.