ಯಾರು ಮತ್ತೆ ಸಿಕ್ಕಿಬೀಳುತ್ತಾರೆ? ಸ್ವಭಾವ ಹಿಡಿದು ನಾನು ಮಾಡಿದ ಲೆಕ್ಕ

ಕೇಸಿನಲ್ಲಿ ಸಿಕ್ಕಿ ನಮ್ಮಲ್ಲಿಗೆ ಬರುವ ಹದಿಹರೆಯದ ಹುಡುಗರಲ್ಲಿ ಯಾರು ಮತ್ತೆ ಅಪರಾಧ ಮಾಡಿ ಬರುತ್ತಾರೆ ಎಂದು ಸ್ವಭಾವದ ಟೈಪ್ ನೋಡಿ ಅಂದಾಜಿಸಲು ಹೊರಟೆ. "ಮೊದಲ ಕೇಸಿನ ವಯಸ್ಸು, ಹಿಂದಿನ ಕೇಸುಗಳ ಸಂಖ್ಯೆ, ಇಷ್ಟು ಸಾಕಲ್ವಾ? ಸ್ವಭಾವದ ಟೈಪ್ ಯಾಕೆ?" ಮೂರು ವರ್ಷ ಜೊತೆಯವರಿಂದ ಇದನ್ನೇ ಕೇಳಿಸಿಕೊಂಡೆ. ಈಗ ಅಂಕಿಗಳು ನನ್ನ ಕಡೆ ಇವೆ.

ಮೊದಲ ವರ್ಷ ಪೂರ್ತಿ ಕೈಕೊಟ್ಟಿತು. ಹದಿಹರೆಯದವರ ಸ್ವಭಾವ ಅಳೆಯುವ, 478 ಪ್ರಶ್ನೆಗಳ ಎಂಎಂಪಿಐ-ಎ ಎಂಬ ಪರೀಕ್ಷೆ ತೆಗೆದುಕೊಂಡೆ. ಓದಲು ತಡವರಿಸುವ ಹುಡುಗರು ಇನ್ನೂರು ದಾಟುವಷ್ಟರಲ್ಲಿ ಸುಮ್ನೆ ಗೀಚುತ್ತಿದ್ದರು. ಬಜೆಟ್‌ನ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಕರಗಿತು. ಕ್ಲಸ್ಟರ್‌ಗಳೂ (ಒಂದೇ ತರ ಉತ್ತರಿಸಿದವರ ಗುಂಪುಗಳು) ನಿಲ್ಲಲಿಲ್ಲ. ಡೇಟಾ ಎರಡು ಭಾಗ ಮಾಡಿ ಓಡಿಸಿದರೆ ಮೂವರಲ್ಲಿ ಒಬ್ಬ ಗುಂಪು ಬದಲಿಸುತ್ತಿದ್ದ.

ಆಮೇಲೆ ವೈನ್‌ಬರ್ಗರ್ ಪ್ರಶ್ನಾವಳಿಗೆ ಬಂದೆ. 84 ಪ್ರಶ್ನೆ, ಮುಖ್ಯವಾಗಿ ಎರಡು ಅಳತೆ: ಒಳಗಿನ ಸಂಕಟ, ತನ್ನ ಮೇಲಿನ ಹಿಡಿತ. 1999ರಲ್ಲಿ ಸಂಶೋಧಕರಾದ ಸ್ಟೈನರ್, ಕಾಫ್‌ಮನ್, ಡಕ್ಸ್‌ಬರಿ ಮರು ಅಪರಾಧ ನೋಡಿದ್ದೂ ಇವನ್ನೇ ಹಿಡಿದು.

ಅಲ್ಲೂ ಒಬ್ಬ ಹುಡುಗ ನನ್ನ ಲೆಕ್ಕ ತಪ್ಪಿಸಿದ. ಆರೇ ನಿಮಿಷದಲ್ಲಿ ಹಾಳೆ ಕೊಟ್ಟ. ಸಿಟ್ಟಿನ ಪ್ರಶ್ನೆಗಳಿಗೆಲ್ಲ 'ಎಂದೂ ಇಲ್ಲ' ಎಂದು ಗುರುತು. ಉಗುರು ಮಾತ್ರ ರಕ್ತ ಬರುವಷ್ಟು ಕಚ್ಚಿಕೊಂಡಿದ್ದ. ಹಾಳೆಯ ಪ್ರಕಾರ ಅಪಾಯವೇ ಇಲ್ಲ. ಹೊರಗೆ ಹೋದವನು ಎರಡು ತಿಂಗಳಲ್ಲಿ ವಾಪಸ್ ಬಂದ. ತುಂಬ ನೋವಾಯಿತು. ಅಂದಿನಿಂದ ಸಂಕಟ ಮುಚ್ಚಿಡುವ ಅಂಕವನ್ನೂ ಲೆಕ್ಕಕ್ಕೆ ಸೇರಿಸಿದೆ. ಎಷ್ಟು ತೂಕ ಕೊಡುತ್ತೇನೆ ಎಂಬುದನ್ನು ಇನ್ನೊಂದು ಸುತ್ತು ಪರೀಕ್ಷೆ ಮುಗಿದ ಮೇಲೆ ಹೇಳುತ್ತೇನೆ.

ಎರಡು ಬದಲಾವಣೆ ಕೈಹಿಡಿದವು. ಹುಡುಗನನ್ನು ಒಂದೇ ಟೈಪಿಗೆ ತುರುಕದೆ, ಪ್ರತಿ ಟೈಪಿನ ನಡುಬಿಂದುವಿನಿಂದ ಅವನು ಎಷ್ಟು ದೂರ ಎಂದು ಅಳೆದೆ. ಮೂರು ತಿಂಗಳಿಗೆ ಮತ್ತೆ ಅದೇ ಹಾಳೆ ಕೊಟ್ಟೆ. ಹಿಡಿತ ಏರಿತಾ ಇಳಿಯಿತಾ ಎಂಬುದು ಮೊದಲ ಅಂಕಕ್ಕಿಂತ ಹೆಚ್ಚು ಹೇಳಿತು.

ಸುಮಾರು 310 ಹುಡುಗರು, ಒಂದೂವರೆ ವರ್ಷ. ಹತ್ತರಲ್ಲಿ ನಾಲ್ವರು ಮರಳಿ ಬಂದರು. ಹಳೆಯ ಕೇಸುಗಳ ಲೆಕ್ಕವೊಂದೇ ಆದರೆ ಎಯುಸಿ 0.65ರ ಹತ್ತಿರ (ಮರಳುವವರನ್ನು ಉಳಿದವರಿಂದ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಳತೆ; 0.5 ಎಂದರೆ ಬರೀ ಊಹೆ, 1 ಎಂದರೆ ಪಕ್ಕಾ). ಸ್ವಭಾವ ಸೇರಿಸಿದರೆ 0.72. ಪಕ್ಕಕ್ಕಿಟ್ಟಿದ್ದ ಡೇಟಾದಲ್ಲೂ 0.70 ಬಂತು. ತಲಾ ಖರ್ಚು ಮೊದಲಿನ ಐದನೇ ಒಂದು ಭಾಗ. ಉಳಿದದ್ದು ಕೌನ್ಸೆಲರ್ ಸಮಯಕ್ಕೆ ಹೋಯಿತು.

ನಡುವೆ ಕಾಯುವ ಆಟವೂ ಆಡಿಸಿದೆ: ಈಗ ಹತ್ತು ಪಾಯಿಂಟ್, ಇಲ್ಲವೇ ನಾಳೆ ಇಪ್ಪತ್ತು. ಬಹುತೇಕರು ಹತ್ತನ್ನೇ ಹಿಡಿದರು. ಎರಡು ವಾರ ಮಾತು ತಪ್ಪದೆ ಇಪ್ಪತ್ತು ಕೊಟ್ಟ ಮೇಲೆ ಅವರೇ ಕಾಯತೊಡಗಿದರು. ಅವರಿಗೆ ಇಲ್ಲದ್ದು ತಾಳ್ಮೆಯಲ್ಲ, ನಮ್ಮ ಮೇಲಿನ ನಂಬಿಕೆ.

ಟೈಪಿನ ಹೆಸರನ್ನು ಫೈಲಿನಲ್ಲಿ ಬರೆಯಲು ಬಿಡುವುದಿಲ್ಲ. ಅಂಕ ಕೌನ್ಸೆಲರ್‌ಗೆ ಮಾತ್ರ, ಯಾರಿಗೆ ಹೆಚ್ಚು ಹೊತ್ತು ಕೊಡಬೇಕು ಎಂದು ನೋಡಲು. ಹುಡುಗಿಯರು ನಮ್ಮಲ್ಲಿ ಇಪ್ಪತ್ತು ಚಿಲ್ಲರೆ ಅಷ್ಟೇ. ಅವರ ಮೇಲೆ ಈ ಲೆಕ್ಕ ಇನ್ನೂ ಓಡಿಸಿಲ್ಲ.