ನೆಲ್ಲಿಚಟ್ಟು: ಒಣಗಿದ ಮೇಲೂ ಸತ್ವ ಉಳಿಯಬೇಕೆಂದರೆ

ನೆಲ್ಲಿಚಟ್ಟು ಎಂದರೆ ಒಣಗಿಸಿಟ್ಟ ನೆಲ್ಲಿಕಾಯಿ. ಹಸಿ ಕಾಯಿಯಲ್ಲಿ ನೂರಕ್ಕೆ 80 ಭಾಗಕ್ಕೂ ಹೆಚ್ಚು ನೀರು. ಒಣಗಿಸುವಾಗ ನೀರಿನ ಬೆನ್ನಿಗೇ ಮೊದಲು ಹೋಗುವುದು ವಿಟಮಿನ್ ಸಿ. ಬಿಸಿ, ಗಾಳಿ, ಬೆಳಕು ಮೂರೂ ಅದಕ್ಕೆ ಆಗಿಬರುವುದಿಲ್ಲ. ಒಗರು ಕೊಡುವ ಟ್ಯಾನಿನ್ ಅಷ್ಟು ಬೇಗ ಕೆಡುವುದಿಲ್ಲ. ನಾರು, ಖನಿಜ ಉಳಿಯುತ್ತವೆ. ಜೋಪಾನ ಮಾಡಬೇಕಾದದ್ದು ವಿಟಮಿನ್ ಸಿಯನ್ನೇ.

ಬಲಿತ, ಕಲೆಯಿಲ್ಲದ 1 ಕಿಲೋ ಕಾಯಿ ತೊಳೆದು, ಇಡ್ಲಿ ಪಾತ್ರೆಯ ಹಬೆಯಲ್ಲಿ 5–6 ನಿಮಿಷ ಇಡಿ. ಕಾಯಿಯನ್ನು ಹಸಿಯಾಗಿಯೇ ಹೆಚ್ಚಿದರೆ ಅದರೊಳಗಿನ ಕಿಣ್ವಗಳು ಗಾಳಿ ತಗುಲಿದೊಡನೆ ತಿರುಳನ್ನು ಕಂದಾಗಿಸುತ್ತವೆ, ವಿಟಮಿನ್ ಸಿಯನ್ನೂ ಕೆಡಿಸುತ್ತವೆ. ಹಬೆ ಅವುಗಳ ಕೆಲಸ ನಿಲ್ಲಿಸುತ್ತದೆ. ನೀರಿನಲ್ಲಿ ಮುಳುಗಿಸಿ ಕುದಿಸಬೇಡಿ. ಸತ್ವ ನೀರಿಗಿಳಿಯುತ್ತದೆ, ಆ ನೀರು ಚೆಲ್ಲಿದರೆ ಹೋದದ್ದು ಹೋಯಿತು.

ಮೈಮೇಲಿನ ಗೆರೆಗಳು ಬಿರಿದಾಗ ಇಳಿಸಿ. ಆರಿದ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ತೊಳೆಗಳು ತಾವಾಗಿಯೇ ಬೀಜ ಬಿಟ್ಟು ಬರುತ್ತವೆ. ಕಬ್ಬಿಣದ ಈಳಿಗೆ ತಾಗಿಸಬೇಡಿ, ಟ್ಯಾನಿನ್ ಕಬ್ಬಿಣದೊಡನೆ ಸೇರಿ ಶಾಯಿಯ ಹಾಗೆ ಕಪ್ಪಾಗುತ್ತದೆ. ತುರಿದರೆ ಬೇಗ ಒಣಗುವುದು ನಿಜ. ಆದರೆ ಗಾಳಿ ತಾಗುವ ಜಾಗವೂ ಅಷ್ಟೇ ಹೆಚ್ಚುತ್ತದೆ. ತೊಳೆಯೇ ವಾಸಿ.

ಇನ್ನು ಒಣಗಿಸುವುದು. ಡ್ರೈಯರ್ ಇದ್ದರೆ 55–60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 10 ಗಂಟೆ. ಬೇಗ ಮುಗಿಯಲೆಂದು ಶಾಖ ಏರಿಸಿದರೆ ಹೊರಮೈ ಗಟ್ಟಿ ಸಿಪ್ಪೆ ಕಟ್ಟುತ್ತದೆ, ಒಳಗಿನ ತೇವ ಹೊರಬರಲಾರದೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಡ್ರೈಯರ್ ಇಲ್ಲದವರು ಬಿದಿರಿನ ತಟ್ಟೆಯಲ್ಲಿ ಒಂದೇ ಪದರವಾಗಿ ಹರವಿ, ತೆಳು ಬಟ್ಟೆ ಮುಚ್ಚಿ, ಗಾಳಿಯಾಡುವ ಕಡೆ ಇಡಿ. ರಾತ್ರಿ ಒಳಗೆ ತನ್ನಿ, ಇಬ್ಬನಿ ಬಿದ್ದರೆ ಹಗಲಿನ ಕೆಲಸವೆಲ್ಲ ವ್ಯರ್ಥ. ಬಿಸಿಲು ಚುರುಕಾಗಿದ್ದರೆ 4–5 ದಿನ ಸಾಕು. ನೆರಳಲ್ಲಿ ಒಣಗಿಸಿದರೆ ಏನೂ ಹೋಗುವುದಿಲ್ಲ ಎಂಬ ನಂಬಿಕೆ ಪೂರ್ತಿ ಸರಿಯಲ್ಲ: ತೇವದ ಹವೆಯಲ್ಲಿ ದಿನಗಟ್ಟಲೆ ಎಳೆದರೆ ಅಲ್ಲೂ ವಿಟಮಿನ್ ಸಿ ಸೋರುತ್ತದೆ.

ಮುರಿದರೆ ಬಾಗದೆ ಟಪ್ಪೆಂದು ತುಂಡಾಗಬೇಕು. 150 ಗ್ರಾಂ ಆಸುಪಾಸು ಚಟ್ಟು ಸಿಗುತ್ತದೆ. ಗಾಜಿನ ಭರಣಿಗೆ ಮುಕ್ಕಾಲು ತುಂಬಿ ವಾರವಿಡೀ ದಿನಕ್ಕೊಮ್ಮೆ ಅಲುಗಾಡಿಸಿ. ಗೋಡೆಗೆ ಹನಿ ಕಟ್ಟಿದರೆ ಮತ್ತೆ ಒಣಗಿಸಿ. ಕತ್ತಲ ಕಪಾಟಿನಲ್ಲಿಡಿ.

ತಂಬುಳಿಗೆ ನೆನೆಹಾಕಿದಾಗ ಆ ಕಂದು ನೀರನ್ನೂ ಚೆಲ್ಲದೆ ರುಬ್ಬುವಾಗಲೇ ಸೇರಿಸಿ. ಉಳಿದ ವಿಟಮಿನ್ ಸಿಯಲ್ಲಿ ಒಂದು ಪಾಲು ಇಳಿದಿರುವುದು ಅದರಲ್ಲಿಯೇ.